ಬಿಡುವುದಿದ್ದರೆ ನೋಟಿಸ್ ಕೊಟ್ಟು ಬಿಡಿ

ಪ್ರಶ್ನೆ: ಮೇಡಂ, ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಎಂ.ಎಸ್ಸಿ., ಬಿ.ಎಡ್. ಮುಗಿಸಿ ಕೋಲಾರದ ಖಾಸಗಿ ಶಾಲೆಯೊಂದರಲ್ಲಿ ನಾಲ್ಕು ವರ್ಷ ಗಣಿತ ಹೇಳಿಕೊಟ್ಟೆ. ಸಂಬಳ ಸಾಲದೆ ಕಳೆದ ಆಗಸ್ಟ್ ಕೊನೆಯಲ್ಲಿ ಶಾರ್ಜಾದ ಸಿಬಿಎಸ್‌ಇ ಶಾಲೆಯೊಂದಕ್ಕೆ ಎರಡು ವರ್ಷದ ಕಾಂಟ್ರಾಕ್ಟ್ ಮೇಲೆ ಬಂದೆ. ನನ್ನ ಹೆಸರು ಹೇಳಿ ಸೇರಿಸಿದವರು ಇದೇ ಶಾಲೆಯಲ್ಲಿರುವ ಮಾಲೂರಿನ ಒಬ್ಬ ಅಕ್ಕ. ಬೆಂಗಳೂರಿನ ಏಜೆಂಟರಿಗೆ ಅಪ್ಪ 1,20,000 ರೂಪಾಯಿ ಕಟ್ಟಿದ್ದಾರೆ. ಅದರಲ್ಲಿ ಅರ್ಧ ಮುಳಬಾಗಿಲಿನ ಅತ್ತೆಯಿಂದ ತಂದ ಕೈಸಾಲ. ಎರಡು ವರ್ಷಕ್ಕೆ ಮುಂಚೆ ಬಿಟ್ಟರೆ ಮೂರು ಲಕ್ಷ ಕೊಡಬೇಕೆಂದು ಏಜೆಂಟರು ಬಾಂಡ್ ಬರೆಸಿಕೊಂಡಿದ್ದಾರೆ. ನನ್ನ ಬಿ.ಎಡ್. ಒರಿಜಿನಲ್ ಅಂಕಪಟ್ಟಿ, ಅಪ್ಪ ಸಹಿ ಮಾಡಿದ ಖಾಲಿ ಚೆಕ್ ಎರಡೂ ಅವರ ಹತ್ತಿರವೇ ಇವೆ.

ಈಗ ಅಬುಧಾಬಿಯ ಶಾಲೆಯೊಂದು ಕರೆಯುತ್ತಿದೆ. ಇಲ್ಲಿ 3,800 ದಿರ್ಹಂ, ಅಲ್ಲಿ 6,200. ಜನವರಿ ಮೊದಲ ವಾರವೇ ಬರಬೇಕಂತೆ. ನಾನಿನ್ನೂ ಪ್ರೊಬೇಷನ್‌ನಲ್ಲಿದ್ದೇನೆ. ಹತ್ತನೇ ತರಗತಿಯ ಎರಡು ಸೆಕ್ಷನ್ ನನ್ನ ಕೈಯಲ್ಲಿವೆ. ಚಳಿಗಾಲದ ರಜೆಗೆ ಊರಿಗೆ ಹೋಗಿ, ಅಮ್ಮನಿಗೆ ಹುಷಾರಿಲ್ಲ ಅಂತ ಮೆಸೇಜ್ ಹಾಕಿ, ಅಲ್ಲಿಂದಲೇ ಹೊಸ ವೀಸಾ ಮಾಡಿಸಿಕೋ ಎನ್ನುತ್ತಾಳೆ ರೂಮ್‌ಮೇಟ್. ಅಪ್ಪ ಕೆಲಸ ಬಿಡುವುದನ್ನೇ ಒಪ್ಪುತ್ತಿಲ್ಲ. "ತೋಪನ್ನು ಹೂವಲ್ಲೇ ವ್ಯಾಪಾರಿಗೆ ಕೊಟ್ಟ ಮೇಲೆ, ಹಣ್ಣಿಗೆ ರೇಟು ಬಂತು ಅಂತ ನಾನು ಯಾವತ್ತಾದರೂ ಮಾತು ತಿರುಗಿಸಿದ್ದೀನಾ?" ಅನ್ನುತ್ತಾರೆ. ಏಪ್ರಿಲ್‌ಗೆ ಮುಳಬಾಗಿಲು ಕಡೆಯ ಇನ್ನಿಬ್ಬರು ಇದೇ ಶಾಲೆಗೆ ಬರುವವರಿದ್ದಾರೆ, ಅವರ ದಾರಿಗೂ ಕಲ್ಲು ಹಾಕಿದ ಹಾಗಾಗುತ್ತದೆ ಎಂಬುದು ಅವರ ಸಂಕಟ. ನಿದ್ದೆ ಬರುತ್ತಿಲ್ಲ. ಏನು ಮಾಡಲಿ?

— ಹೆಸರು ಬೇಡ, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ನೋಡಿ ಅಮ್ಮ, ಒಳ್ಳೆಯ ಸಂಬಳದ ಕೆಲಸ ಸಿಕ್ಕಾಗ ಹೋಗಬೇಕೆನ್ನಿಸುವುದು ಆಸೆಬುರುಕತನವಲ್ಲ. ಮನೆಯ ಮೇಲೆ ಕೈಸಾಲ ಇರುವಾಗ 2,400 ದಿರ್ಹಂ ವ್ಯತ್ಯಾಸ ಸಣ್ಣದಲ್ಲ. ನೀವು ಹೋಗಬಹುದು. ಹೇಗೆ ಹೋಗುತ್ತೀರಿ, ಯಾವಾಗ ಹೋಗುತ್ತೀರಿ ಎಂಬುದರ ಮೇಲೆ ನಿಮ್ಮ ಹೆಸರು, ನಿಮ್ಮ ಕಡೆಯವರ ಹೆಸರು ಎರಡೂ ನಿಂತಿವೆ.

ನಿಮ್ಮ ತಂದೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ನಿದ್ದೆ ಕೆಡಿಸಿರುವುದು ಕಾನೂನಿಗಿಂತ ಹೆಚ್ಚಾಗಿ ಆ ಮಾತೇ. ನಿಮ್ಮ ಕಡೆ ಮಾವು ಹೂವಿನಲ್ಲಿರುವಾಗಲೇ ಫಸಲಿನ ವ್ಯಾಪಾರ ಮುಗಿದುಹೋಗುತ್ತದೆ. ಆಲಿಕಲ್ಲು ಬಿದ್ದು ಕಾಯಿ ಉದುರಿದರೆ ನಷ್ಟ ವ್ಯಾಪಾರಿಯದು, ಜೂನ್‌ನಲ್ಲಿ ಬೆಲೆ ಏರಿದರೆ ಲಾಭವೂ ಅವನದೇ. ಹೂವು ನೋಡಿ ದುಡ್ಡು ಸುರಿದವನಿಗೆ ಹಣ್ಣಿನ ಹೊತ್ತಿಗೆ ಕೈಕೊಡುವುದು ದ್ರೋಹ. ತಂದೆಯವರು ಹೇಳುವುದು ನೂರಕ್ಕೆ ನೂರು ಸರಿ. ಆದರೆ ನೌಕರಿಯ ಒಪ್ಪಂದ ಆ ಜಾತಿಯದಲ್ಲ. ಪ್ರೊಬೇಷನ್ ಮುಗಿಯುವುದರೊಳಗೆ 14 ದಿನದ ನೋಟಿಸ್ ಕೊಟ್ಟು ನಿಮ್ಮನ್ನು ವಾಪಸ್ ಕಳಿಸುವ ಹಕ್ಕು ಶಾಲೆಗಿದೆ. ನೋಟಿಸ್ ಕೊಟ್ಟು ಹೊರಡುವ ಹಕ್ಕು ನಿಮಗೂ ಇದೆ. ಸಹಿ ಹಾಕಿದ ದಿನವೇ ಇಬ್ಬರೂ ಒಪ್ಪಿಕೊಂಡ ಷರತ್ತು ಅದು. ಷರತ್ತಿನಂತೆ ಹೊರಟರೆ ಮಾತು ಉಳಿಸಿಕೊಂಡ ಹಾಗೆಯೇ. ಇದನ್ನು ಅವರಿಗೆ ಹೀಗೆಯೇ ಬಿಡಿಸಿ ಹೇಳಿ. ವ್ಯವಹಾರ ಬಲ್ಲವರು, ಅರ್ಥ ಮಾಡಿಕೊಳ್ಳುತ್ತಾರೆ.

ಇನ್ನು ಕಾನೂನು. ಯುಎಇಯ ಖಾಸಗಿ ಶಾಲೆಗಳ ನೌಕರಿಗೆ ಅಲ್ಲಿನ 2021ರ 33ನೇ ಸಂಖ್ಯೆಯ ಕಾರ್ಮಿಕ ಕಾನೂನು ಅನ್ವಯಿಸುತ್ತದೆ. 2022ರ ಫೆಬ್ರುವರಿ 2ರಿಂದ ಅದು ಜಾರಿಯಲ್ಲಿದೆ. ಪ್ರೊಬೇಷನ್ ಆರು ತಿಂಗಳಿಗಿಂತ ಹೆಚ್ಚು ಇರುವಂತಿಲ್ಲ. ಆ ಅವಧಿಯಲ್ಲಿ ಅದೇ ದೇಶದ ಬೇರೆ ಕಡೆ ಕೆಲಸಕ್ಕೆ ಹೋಗುವವರು ಕನಿಷ್ಠ ಒಂದು ತಿಂಗಳ ನೋಟಿಸನ್ನು ಬರಹದಲ್ಲಿ ಕೊಡಬೇಕು. ನಿಮ್ಮನ್ನು ಕರೆಸಿಕೊಳ್ಳಲು ಹಳೆಯ ಶಾಲೆ ಮಾಡಿದ ಖರ್ಚನ್ನು, ಬೇರೆ ಒಪ್ಪಂದವಿಲ್ಲದಿದ್ದರೆ, ಹೊಸ ಶಾಲೆ ತುಂಬಿಕೊಡಬೇಕು. ನಿಮ್ಮಿಂದ ಆ ಖರ್ಚು ವಸೂಲಿ ಮಾಡುವುದನ್ನು ಕಾನೂನು ನಿಷೇಧಿಸಿದೆ. ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ. ಕೊನೆಯ ದಿನದಿಂದ 14 ದಿನದೊಳಗೆ ಬಾಕಿ ಲೆಕ್ಕ ಚುಕ್ತಾ ಮಾಡಬೇಕು. ಒಂದು ವರ್ಷ ತುಂಬದ ಕಾರಣ ಗ್ರಾಚ್ಯುಟಿ ಮಾತ್ರ ನಿಮಗೆ ಸಿಗುವುದಿಲ್ಲ.

ಇಲ್ಲೇ ಇನ್ನೊಂದು ಲೆಕ್ಕ ನೋಡಿ. ನಿಮ್ಮ ಪತ್ರ ಬಂದದ್ದು ಡಿಸೆಂಬರ್ ಎರಡನೇ ವಾರ. ಇವತ್ತೇ ನೋಟಿಸ್ ಕೊಟ್ಟರೂ ತಿಂಗಳು ತುಂಬುವುದು ಜನವರಿ ಮಧ್ಯಕ್ಕೆ. ಈಗಿನ ಶಾಲೆ ಬರಹದಲ್ಲಿ ಒಪ್ಪಿ ಬೇಗ ಬಿಡದ ಹೊರತು ಜನವರಿ ಮೊದಲ ವಾರ ಅಬುಧಾಬಿ ಸೇರಲು ಸರಿಯಾದ ದಾರಿಯೇ ಇಲ್ಲ. ಆ ತಾರೀಖು ಹಿಡಿದು ನಿಮ್ಮನ್ನು ಅವಸರಪಡಿಸುವವರಿಗೆ ಈ ನಿಯಮ ಗೊತ್ತಿಲ್ಲದೆ ಇರುವುದಿಲ್ಲ.

ರೂಮ್‌ಮೇಟ್ ಹೇಳಿದ ದಾರಿಯನ್ನು ಈಗಲೇ ಮನಸ್ಸಿನಿಂದ ತೆಗೆದುಹಾಕಿ. ಪ್ರೊಬೇಷನ್‌ನಲ್ಲಿ ನೋಟಿಸ್ ಕೊಡದೆ ದೇಶ ಬಿಟ್ಟ ವಿದೇಶಿಯರಿಗೆ, ಬಿಟ್ಟ ದಿನದಿಂದ ಒಂದು ವರ್ಷ ಅಲ್ಲಿ ಹೊಸ ವರ್ಕ್ ಪರ್ಮಿಟ್ ಕೊಡುವುದಿಲ್ಲ. ಅಂದರೆ ಶಾರ್ಜಾದ ಕೆಲಸವೂ ಹೋಯಿತು, ಅಬುಧಾಬಿಯದೂ ಹೋಯಿತು. ಕೈಸಾಲ ಮಾತ್ರ ಹಾಗೇ ಉಳಿಯಿತು. ಊರಿಗೆ ಮರಳುವವರು 14 ದಿನದ ನೋಟಿಸ್ ಕೊಟ್ಟು ಹೋಗಬಹುದು ನಿಜ. ಆದರೆ ಮೂರು ತಿಂಗಳೊಳಗೆ ಹೊಸ ಪರ್ಮಿಟ್ ಮೇಲೆ ವಾಪಸಾದರೆ ಹೊಸ ಶಾಲೆ ಹಳೆಯ ಶಾಲೆಗೆ ಖರ್ಚು ಕಟ್ಟಿಕೊಡುವುದು ತಪ್ಪುವುದಿಲ್ಲ. ಸುತ್ತುಬಳಸಿ ಹೋದರೂ ಉಳಿತಾಯವೇನಿಲ್ಲ. ಚೆನ್ನಾಗಿರುವ ತಾಯಿಯನ್ನು ಕಾಯಿಲೆಯವರನ್ನಾಗಿ ಮಾಡುವ ಸುಳ್ಳಂತೂ ಬೇಡವೇ ಬೇಡ. ನಾಳೆ ನಿಜವಾಗಿ ಊರಿಗೆ ಓಡಿಬರಬೇಕಾದಾಗ ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ.

ಈಗ ಏಜೆಂಟರ ವಿಷಯ. ನೀವು ಕಳಿಸಿದ ಬಾಂಡ್‌ನ ಫೋಟೊ ಎರಡು ಸಲ ಓದಿದೆ. ನೂರು ರೂಪಾಯಿಯ ಇ-ಸ್ಟಾಂಪ್ ಕಾಗದ. ಅದರಲ್ಲಿ ಶಾಲೆಯ ಹೆಸರೇ ಇಲ್ಲ. ಮೂರು ಲಕ್ಷ ಎಂಬುದನ್ನು ಖಾಲಿ ಬಿಟ್ಟಿದ್ದ ಜಾಗದಲ್ಲಿ ಪೆನ್ನಿನಿಂದ ತುಂಬಿದ್ದಾರೆ. ಯಾವ ಖರ್ಚಿಗೆ ಮೂರು ಲಕ್ಷ ಎಂಬ ವಿವರ ಒಂದು ಸಾಲೂ ಇಲ್ಲ. ನಿಮ್ಮ ಸಹಿ ಇದೆ, ನಿಮ್ಮ ತಂದೆಯವರ ಸಹಿ ಇದೆ, ಏಜೆಂಟರ ಸಹಿಯ ಜಾಗ ಖಾಲಿ.

ಬಾಂಡ್‌ಗೆ ಬೆಲೆಯೇ ಇಲ್ಲ ಎನ್ನುವವರ ಮಾತು ನಂಬಬೇಡಿ. ನಮ್ಮ ರಾಜ್ಯದಲ್ಲೇ ಹುಟ್ಟಿದ ವಿಜಯಾ ಬ್ಯಾಂಕ್ ಪ್ರಕರಣವಿದೆ. ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ ಎರಡು ಲಕ್ಷ ಕಟ್ಟಬೇಕೆಂಬ ಷರತ್ತಿಗೆ ಸಹಿ ಹಾಕಿದ ಅಧಿಕಾರಿಯೊಬ್ಬರು 2009ರಲ್ಲಿ ಇನ್ನೊಂದು ಬ್ಯಾಂಕ್ ಸೇರಲು ರಾಜೀನಾಮೆ ಕೊಟ್ಟರು. ಹಣ ಕಟ್ಟಿ, ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟಿನಲ್ಲಿ ಅವರು ಗೆದ್ದರು. ಆದರೆ 2025ರ ಮೇ 14ರಂದು ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ಸಾರ್ವಜನಿಕ ಬ್ಯಾಂಕ್ ಹೊಸಬರನ್ನು ನೇಮಿಸಲು ಮತ್ತೆ ಇಡೀ ಪ್ರಕ್ರಿಯೆ ನಡೆಸಬೇಕು, ಅದಕ್ಕೆ ಖರ್ಚಿದೆ, ಆ ಹುದ್ದೆಯ ಸಂಬಳಕ್ಕೆ ಎರಡು ಲಕ್ಷ ಹೊರೆಯೇನಲ್ಲ ಎಂಬುದು ಕೋರ್ಟಿನ ನಿಲುವು. ಆ ತೀರ್ಪಿನಲ್ಲೇ ನಿಮಗೆ ಬೇಕಾದ ಅಳತೆಗೋಲೂ ಇದೆ. ಅಲ್ಲಿ ಬಾಂಡ್ ಬರೆಸಿಕೊಂಡದ್ದು ಕೆಲಸ ಕೊಟ್ಟವರು, ಇಲ್ಲಿ ನಡುವಿನವರು. ಅಲ್ಲಿ ಖರ್ಚಿಗೆ ಕಾರಣವಿತ್ತು, ಇಲ್ಲಿ ಬರೀ ಅಂಕಿ ಇದೆ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬಾಂಡ್‌ನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ಸಿಗುವುದು ನ್ಯಾಯವಾದ ಪರಿಹಾರವಷ್ಟೇ.

ಮೂರು ಲಕ್ಷ ಕೇಳುವ ಮೊದಲು ಏಜೆಂಟರೇ ಕೆಲವು ಪ್ರಶ್ನೆಗಳಿಗೆ ಉತ್ತರ ಹೇಳಬೇಕು. 1983ರ ವಲಸೆ ಕಾಯ್ದೆಯಡಿ ನೋಂದಣಿ ಇಲ್ಲದೆ ವಿದೇಶದ ಕೆಲಸಕ್ಕೆ ಜನರನ್ನು ಕಳಿಸುವಂತಿಲ್ಲ. ನೋಂದಾಯಿತ ಏಜೆಂಟರ ಪಟ್ಟಿ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿದೆ, ಇವರ ಹೆಸರು ಅದರಲ್ಲಿದೆಯೇ ಹುಡುಕಿ. ನೋಂದಾಯಿತರಾಗಿದ್ದರೂ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ದಾಟುವಂತಿಲ್ಲ. ನಿಮ್ಮ ತಂದೆಯವರು ಕಟ್ಟಿದ್ದು 1,20,000. ರಸೀದಿ, ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇ ದಾಖಲೆ ಏನಿದ್ದರೂ ಒಂದು ಕಡೆ ತೆಗೆದಿಡಲಿ. ದೂರು ಕೊಡಬೇಕಾಗಿ ಬಂದರೆ ಬೆಂಗಳೂರಿನಲ್ಲೇ ವಲಸಿಗರ ರಕ್ಷಣಾಧಿಕಾರಿಯ ಕಚೇರಿ ಇದೆ.

ನನಗೆ ನಿಜವಾಗಿ ಆತಂಕ ತಂದಿರುವುದು ಆ ಖಾಲಿ ಚೆಕ್. ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕನ್ನು ಬೇರೆಯವರು ತುಂಬಿದ್ದರೂ, ಸಾಲವಿತ್ತೆಂದೇ ಕಾನೂನು ಮೊದಲು ಊಹಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಇಲ್ಲವೆಂದು ತೋರಿಸುವ ಭಾರ ಸಹಿ ಮಾಡಿದವರ ಮೇಲೆ ಬೀಳುತ್ತದೆ. ಚೆಕ್ ಬೌನ್ಸ್ ಆಗಿ ಲಾಯರ್ ನೋಟಿಸ್ ಬಂದರೆ ಸಿಗುವುದು 15 ದಿನ ಮಾತ್ರ. ಆದ್ದರಿಂದ ನೀವು ರಾಜೀನಾಮೆ ಕೊಡುವ ಮೊದಲೇ, ಚೆಕ್ಕಿನ ನಂಬರ್ ಹಾಕಿ, ಭದ್ರತೆಗೆಂದು ಖಾಲಿ ಕೊಟ್ಟದ್ದು ಎಂದು ತಿಳಿಸಿ, ಚೆಕ್ ಮತ್ತು ಅಂಕಪಟ್ಟಿ ಎರಡನ್ನೂ ವಾಪಸ್ ಕೇಳುವ ಪತ್ರ ಸ್ಪೀಡ್ ಪೋಸ್ಟ್‌ನಲ್ಲಿ ಹೋಗಲಿ. ಲಾಯರ್ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಬಾಂಡ್, ಅಂಕಪಟ್ಟಿ ಎರಡೂ ಇರುವುದು ನಿಮ್ಮದೇ ಹೆಸರಿನಲ್ಲಿ. ತಂದೆಯವರು ಕೋಲಾರದ ಕೋರ್ಟಿನಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ನಿಮ್ಮ ಸಹಿಯ ಅರ್ಜಿ ತೆಗೆದುಕೊಂಡು ಹೋಗಲಿ.

ಅಬುಧಾಬಿಯ ಕೆಲಸ ನಿಜವಾಗಿಯೂ ಮೇಲೇ? 6,200ರಲ್ಲಿ ಬೇಸಿಕ್ ಎಷ್ಟು, ಮನೆ ಬಾಡಿಗೆಗೆಂದು ಎಷ್ಟು ಎಂದು ಕೇಳಿ. ಮುಂದೆ ಗ್ರಾಚ್ಯುಟಿ ಲೆಕ್ಕ ಹಾಕುವುದು ಬೇಸಿಕ್ ಮೇಲೆಯೇ. ಈಗ ಶಾಲೆ ರೂಮ್ ಕೊಟ್ಟಿದ್ದು, ಅಲ್ಲಿ ನೀವೇ ಹುಡುಕಿಕೊಳ್ಳಬೇಕಾದರೆ ವ್ಯತ್ಯಾಸದ ದೊಡ್ಡ ಪಾಲು ಬಾಡಿಗೆಗೇ ಹೋಗುತ್ತದೆ. ವಿಮೆ, ವರ್ಷದ ವಿಮಾನ ಟಿಕೆಟ್, ವಾರಕ್ಕೆ ಎಷ್ಟು ಪೀರಿಯಡ್, ಎಲ್ಲವೂ ಆಫರ್ ಲೆಟರ್‌ನಲ್ಲಿ ಬರಬೇಕು. ಶಾರ್ಜಾದಲ್ಲಿ ಶಿಕ್ಷಕರ ನೇಮಕಾತಿಗೆ ಒಪ್ಪಿಗೆ ಕೊಡುವ ಪ್ರಾಧಿಕಾರ ಬೇರೆ, ಅಬುಧಾಬಿಯದು ಬೇರೆ. ಅಲ್ಲಿನ ಒಪ್ಪಿಗೆ ಹೊಸದಾಗಿ ಆಗಬೇಕು. ವಾಟ್ಸ್ಆ್ಯಪ್ ಮಾತು ನಂಬಿ ರಾಜೀನಾಮೆ ಕೊಡಬೇಡಿ. ಹೊಸ ಪರ್ಮಿಟ್ ಬರುವ ಮುಂಚೆ ಅಲ್ಲಿ ಒಂದು ದಿನವೂ ಪಾಠ ಮಾಡಬೇಡಿ.

ಕೊನೆಗೆ ಮಕ್ಕಳು. ನಾನೂ ಪಾಠ ಮಾಡಿದವಳೇ. ಸಿಬಿಎಸ್‌ಇ ಹತ್ತನೇ ತರಗತಿ ಪರೀಕ್ಷೆ ಫೆಬ್ರುವರಿ ಮಧ್ಯದಲ್ಲಿ ಶುರುವಾಗುತ್ತದೆ. ಅದಕ್ಕೆ ತಿಂಗಳು ಮುಂಚೆ ಗಣಿತದ ಮೇಷ್ಟರು ಬದಲಾದರೆ ಜಾಣ ಮಕ್ಕಳು ಹೇಗೋ ದಾಟುತ್ತಾರೆ, ಪೆಟ್ಟು ಬೀಳುವುದು ಅಂಚಿನಲ್ಲಿರುವವರಿಗೆ. ತಂದೆಯವರ ತೋಪಿನ ಮಾತು ಶಾಲೆಯ ಮಾಲೀಕರಿಗಿಂತ ಈ ಮಕ್ಕಳಿಗೆ ಹೆಚ್ಚು ಒಪ್ಪುತ್ತದೆ. ನೋಟಿಸ್ ಕೊಡುವ ಷರತ್ತಿಗೆ ಮಕ್ಕಳು ಸಹಿ ಹಾಕಿಲ್ಲ.

ಹಾಗಾಗಿ ನನ್ನ ಸಲಹೆ ಇದು. ಅಬುಧಾಬಿಯ ಶಾಲೆಗೆ ಈ ವಾರವೇ ಇಮೇಲ್ ಬರೆದು, ಏಪ್ರಿಲ್‌ನಲ್ಲಿ ಹೊಸ ಶೈಕ್ಷಣಿಕ ವರ್ಷಕ್ಕೆ ಸೇರುತ್ತೇನೆ ಎಂದು ಕೇಳಿ. ಹತ್ತನೇ ತರಗತಿಯ ಮಕ್ಕಳನ್ನು ನಡುವೆ ಬಿಟ್ಟುಬರಲಾರೆ ಎಂದು ಕಾರಣವನ್ನೂ ಬರೆಯಿರಿ. ಮಕ್ಕಳ ಬೆಲೆ ಬಲ್ಲ ಶಾಲೆಗೆ ಆ ಕಾರಣವೇ ನಿಮ್ಮ ಅರ್ಹತೆಯಾಗಿ ಕಾಣುತ್ತದೆ. ನಿಮ್ಮ ಪ್ರೊಬೇಷನ್ ಮುಗಿಯುವುದು ಫೆಬ್ರುವರಿ ಕೊನೆಗೆ. ಆಮೇಲೆ ನೋಟಿಸ್ ಅವಧಿ ಕಾಂಟ್ರಾಕ್ಟ್‌ನಲ್ಲಿ ಬರೆದಂತೆ 30ರಿಂದ 90 ದಿನದೊಳಗೆ ಇರುತ್ತದೆ. ನಿಮ್ಮದು 30 ದಿನವಾದರೆ ಪ್ರೊಬೇಷನ್ ಮುಗಿದ ಮೇಲೆ ಕೊಡಿ, ಮಾರ್ಚ್ ಕೊನೆಗೆ ಬಿಡುಗಡೆ, ಹೊಸ ಶಾಲೆಗೆ ಖರ್ಚು ತುಂಬುವ ಹೊರೆಯೂ ಇಲ್ಲ. 60 ಅಥವಾ 90 ದಿನವಾದರೆ ಪ್ರೊಬೇಷನ್ ಮುಗಿಯುವ ಮುಂಚೆಯೇ ಕೊಟ್ಟು, ಆ ಖರ್ಚನ್ನು ಕೊಡಲು ಹೊಸ ಶಾಲೆ ಒಪ್ಪಿದೆಯೇ ಎಂದು ಮೊದಲೇ ಬರೆಸಿಕೊಳ್ಳಿ.

ಅವರು ಏಪ್ರಿಲ್‌ವರೆಗೆ ಕಾಯುವುದೇ ಇಲ್ಲ ಎಂದರೆ? ಆಗ ಒಂದು ತಿಂಗಳ ನೋಟಿಸ್ ಕೊಟ್ಟು ಹೋಗುವುದೂ ಕಾನೂನುಬದ್ಧವೇ, ಹೋದರೆ ನಾನು ನಿಮ್ಮನ್ನು ದೂರುವುದಿಲ್ಲ. ಆ ತಿಂಗಳಲ್ಲಿ ಪೋರ್ಷನ್ ಮುಗಿಸಿ, ಯಾವ ಮಗು ಯಾವ ಪಾಠದಲ್ಲಿ ಹಿಂದಿದೆ ಎಂಬ ಪಟ್ಟಿ ಬರೆದು, ಮುಂದೆ ಬರುವವರ ಕೈಗೆ ಕೊಟ್ಟು ಹೊರಡಿ. ಆದರೂ ನನ್ನ ಒಲವು ಏಪ್ರಿಲ್ ಕಡೆಗೇ. ಅನುಭವವಿರುವ ಗಣಿತ ಶಿಕ್ಷಕರನ್ನು ಆ ಹೊತ್ತಿಗೆ ಹುಡುಕುವ ಶಾಲೆ ಅದೊಂದೇ ಅಲ್ಲ.

ಪ್ರಿನ್ಸಿಪಾಲರಿಗೆ ಪತ್ರ ಕೊಡುವ ಹಿಂದಿನ ದಿನ ಮಾಲೂರಿನ ಅಕ್ಕನ ಬಳಿ ಕೂತು ಎಲ್ಲವನ್ನೂ ಹೇಳಿ. ಸುದ್ದಿ ಅವರಿಗೆ ಸ್ಟಾಫ್ ರೂಮಿನಲ್ಲಿ ಬೇರೆಯವರಿಂದ ತಿಳಿಯಬಾರದು. ಮುಳಬಾಗಿಲಿನ ಆ ಇಬ್ಬರಿಗೂ ಒಂದು ಫೋನ್ ಮಾಡಿ. ಏಜೆಂಟರ ನೋಂದಣಿ ನೋಡಿ, 30,000ಕ್ಕೆ ಜಿಎಸ್‌ಟಿ ಸೇರಿಸಿದ್ದಕ್ಕಿಂತ ಹೆಚ್ಚು ಕೊಡಬೇಡಿ, ಒರಿಜಿನಲ್ ಅಂಕಪಟ್ಟಿ ಬಿಟ್ಟುಬರಬೇಡಿ, ಖಾಲಿ ಚೆಕ್ಕಿಗೆ ಅಪ್ಪನ ಸಹಿ ಹಾಕಿಸಬೇಡಿ, ನೋಟಿಸ್ ಅವಧಿ ಎಷ್ಟೆಂದು ಓದಿ ಸಹಿ ಮಾಡಿ ಎಂದು ಹೇಳಿ. ಅವರ ದಾರಿಗೆ ಬಿದ್ದ ಕಲ್ಲು ನಿಮ್ಮ ರಾಜೀನಾಮೆಯಲ್ಲ, ಏಜೆಂಟರ ಆ ಬಾಂಡ್. ಅದನ್ನು ತೆಗೆಯುವ ತಿಳಿವಳಿಕೆ ಈಗ ನಿಮ್ಮ ಹತ್ತಿರ ಇದೆ, ಅವರಿಗೂ ಹಂಚಿ.