ಮೊದಲು ನೀರಿನ ದಾರಿ ಹಿಡಿ

ತಮ್ಮಾ, ನಿನ್ನೆ ಸಂಜೆ ಆ ಟಂಟಂ ಗಾಡಿಗೆ ನೀನು ಮೂರನೆಯ ಸಲ ಫ್ಯೂಸ್ ಹಾಕಿದ್ದನ್ನು ಕಂಡೆ. ಅದೂ ಸುಟ್ಟಿತು. ಆಮೇಲೆ 10 ಆಂಪಿಯರಿನ ಜಾಗಕ್ಕೆ 20 ಆಂಪಿಯರಿನದನ್ನು ಕೂರಿಸಲು ಕೈ ಚಾಚಿದೆ. ಗಿರಾಕಿಯ ಎದುರಿಗೆ ನಿನ್ನ ಕೈ ಹಿಡಿದೆನೇ ಹೊರತು ಬಾಯಿ ಬಿಡಲಿಲ್ಲ. ಈಗ ಅಂಗಡಿಯ ಶಟರ್ ಇಳಿದಿದೆ, ಕೂತು ಕೇಳು. ಫ್ಯೂಸ್ ಇರುವುದು ವೈರನ್ನು ಕಾಯಲಿಕ್ಕೆ. ದೊಡ್ಡ ಫ್ಯೂಸ್ ಹಾಕಿದೆಯೆಂದರೆ ಫ್ಯೂಸ್ ಉಳಿಯುತ್ತದೆ, ವೈರು ಸುಡುತ್ತದೆ. ಆ ಗಾಡಿಯಲ್ಲಿ ದಿನಾ ಬೆಳಿಗ್ಗೆ ಹತ್ತು ಮಕ್ಕಳು ಶಾಲೆಗೆ ಹೋಗುತ್ತಾರೆ.

ನೀನು ಫ್ಯೂಸ್ ನೋಡಿದೆ, ಬಲ್ಬ್ ನೋಡಿದೆ, ಸ್ವಿಚ್ ನೋಡಿದೆ. ಹಿಂದಿನ ರಾತ್ರಿ ಮಳೆ ಬಂದಿತ್ತೇ ಎಂದು ಮಾತ್ರ ಕೇಳಲಿಲ್ಲ.

ನಾವಿರುವುದು ಮಲಪ್ರಭೆಯ ದಂಡೆಯಲ್ಲಿ. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಶಿವಯೋಗ ಮಂದಿರವನ್ನು ಕಟ್ಟಿದ್ದೂ ಈ ಹೊಳೆಯ ಮಗ್ಗುಲಲ್ಲೇ. ವರ್ಷದ ಬಹುಪಾಲು ನಮಗೆ ಬಿಸಿಲೇ ಬಿಸಿಲು, ಹೊಳೆ ಮರಳಿನ ನಡುವೆ ತೆಳ್ಳಗೆ ಹರಿಯುತ್ತದೆ. ನೀರು ಬಂದರೆ ಮಾತ್ರ ಕೇಳಿ ಬರುವುದಿಲ್ಲ. 2009ರಲ್ಲಿ ಬಂತು, 2019ರ ಆಗಸ್ಟಿನಲ್ಲಿ ಬಂದು ಪಟ್ಟದಕಲ್ಲಿನ ಗುಡಿಗಳ ಅಂಗಳವನ್ನೂ ತುಂಬಿತು. ಹಾಗೆ ಮುಳುಗಿದ ಗಾಡಿಯ ರೋಗ ಎಲ್ಲರಿಗೂ ಕಾಣುತ್ತದೆ. ನಾನು ಹೇಳಹೊರಟಿರುವುದು ಕಾಣದ ನೀರಿನ ಮಾತು: ಹನಿಹನಿಯಾಗಿ ಸೋರಿ, ತಗಡಿನ ಮರೆಯಲ್ಲಿ ವೈರನ್ನು ತಿನ್ನುವ ನೀರು. ನಮ್ಮ ಸೀಮೆಯಲ್ಲಿ ಅದಕ್ಕೆ ಬಾಗಿಲು ತೆರೆಯುವುದು ಬಿಸಿಲು. ಎಂಟು ತಿಂಗಳು ಕಾದ ಬಾಗಿಲ ಬೀಡಿಂಗು, ಗಾಜಿನ ರಬ್ಬರು, ವೈರು ತೂರುವ ಗ್ರೊಮೆಟ್ಟು ಬಿರಿದು ಕೂತಿರುತ್ತವೆ. ಮೊದಲ ಮಳೆಯವರೆಗೂ ಅದು ಯಾರ ಗಮನಕ್ಕೂ ಬರುವುದಿಲ್ಲ.

ನನ್ನ ಕೈಯಿಂದಲೇ ಆದ ಒಂದು ತಪ್ಪು ಹೇಳುತ್ತೇನೆ. ಬಾದಾಮಿ ಸ್ಟೇಶನ್ನಿನಿಂದ ಬನಶಂಕರಿ, ಶಿವಯೋಗ ಮಂದಿರ, ಮಹಾಕೂಟಕ್ಕೆ ಭಕ್ತರನ್ನು ಸಾಗಿಸುವ ಟ್ರ್ಯಾಕ್ಸ್ ಒಂದಿತ್ತು. ಬ್ರೇಕ್ ತುಳಿದರೆ ಮುಂದಿನ ಮೀಟರಿನ ದೀಪಗಳು ಮಿಣುಕು ಹತ್ತುತ್ತಿದ್ದವು, ಹಿಂದಿನ ಬ್ರೇಕ್ ಲೈಟು ಮಂಕಾಗಿ ಉರಿಯುತ್ತಿತ್ತು. ನಾನು ಬ್ರೇಕ್ ಸ್ವಿಚ್ ಬದಲಿಸಿದೆ. ಎರಡು ದಿನ ಸರಿ ಇತ್ತು. ಮತ್ತೆ ಬಂದಾಗ ಸ್ಟಿಯರಿಂಗಿನ ಕೆಳಗಿನ ಸ್ವಿಚ್ಚು ಬದಲಿಸಿದೆ. ಮೂರನೆಯ ಸಲ ಮೀಟರ್ ಬೋರ್ಡನ್ನೇ ಬಿಚ್ಚಿದೆ. ಅವನು ಸಾಲದ ಗಾಡಿ ಓಡಿಸುವವನು, ಪ್ರತಿಸಲವೂ ಮಾತಾಡದೆ ಹಣ ಎಣಿಸಿಕೊಟ್ಟ. ನಾಲ್ಕನೆಯ ಸಲ ಬಂದವನು ಬೇಸರದಲ್ಲಿ ಒಂದು ಮಾತು ಆಡಿದ: ಮಳೆಯಾದ ಮರುದಿನ ಮಾತ್ರ ಹೀಗಾಗುತ್ತದೆ, ಹಿಂದಿನ ಸೀಟಿನಲ್ಲಿ ಕೂತವರ ಹೆಗಲೂ ಒದ್ದೆಯಾಗುತ್ತದೆ.

ಆಗ ಏಣಿ ಹಾಕಿ ಮೇಲೆ ಹತ್ತಿದೆ. ಯಾತ್ರಿಕರ ಗಂಟು ಮೂಟೆ ಕಟ್ಟಲು ಮೇಲ್ಛಾವಣಿಗೆ ಕ್ಯಾರಿಯರ್ ಕೂರಿಸಿದ್ದರು. ಬೋಲ್ಟಿನ ಕೆಳಗಿನ ರಬ್ಬರ್ ವಾಶರು ಪುಡಿಪುಡಿಯಾಗಿತ್ತು. ನೀರು ಆ ತೂತಿನಿಂದ ಇಳಿದು, ತಗಡಿಗೂ ಒಳಗಿನ ರೆಕ್ಸಿನ್ನಿಗೂ ನಡುವೆ ಹರಿದು, ಹಿಂದಿನ ಕಂಬದಲ್ಲಿ ವೈರಿನ ಕಟ್ಟನ್ನೇ ಹಗ್ಗ ಮಾಡಿಕೊಂಡು ಕೆಳಗಿಳಿದು, ಹಿಂದಿನ ದೀಪದ ಅರ್ಥ್ ಬೋಲ್ಟಿನ ಮೇಲೆ ನಿಲ್ಲುತ್ತಿತ್ತು. ಬೋಲ್ಟಿಗೆ ಹಸಿರು ಕಿಲುಬು ಮೆತ್ತಿತ್ತು. ಬ್ರೇಕ್ ದೀಪಕ್ಕೆ ಹೋದ ಕರೆಂಟಿಗೆ ಮನೆಗೆ ಮರಳುವ ದಾರಿ ಮುಚ್ಚಿತ್ತು. ಅದು ಅದೇ ಬಲ್ಬಿನ ಪಾರ್ಕಿಂಗ್ ತಂತಿಯೊಳಗೆ ನುಗ್ಗಿ, ಮುಂದಿನ ಮೀಟರ್ ದೀಪಗಳ ಮೂಲಕ ಸುತ್ತಿ ಮನೆ ಸೇರುತ್ತಿತ್ತು. ನಾಲ್ಕು ವಾಶರು, ಒಂದು ತುಂಡು ಮರಳು ಕಾಗದ, ಒಂದು ಹೊಸ ಬೋಲ್ಟು, ಕೆಲಸ ಮುಗಿಯಿತು. ಮೂರು ಸಲ ಪಡೆದ ಕೂಲಿ ಅವನಿಗೆ ಹಿಂದಿರುಗಿಸಿದೆ. ಸ್ವಿಚ್ಚುಗಳಿಗೆ ಅವನು ತೆತ್ತ ಹಣ ಹಿಂದಿರುಗಿಸಲು ಆಗ ನನ್ನ ಹತ್ತಿರ ಇರಲಿಲ್ಲ. ಆ ಕೊರಗು ಇಂದಿಗೂ ಇದೆ.

ಹೀಗಾಗಿ ಪಾನಾ ಹಿಡಿಯುವ ಮೊದಲು ಕೇಳು. ಮಳೆಯ ಮರುದಿನವೋ, ಗಾಡಿ ತೊಳೆಸಿದ ಮೇಲೋ? ಇಳಿಜಾರಿನಲ್ಲಿ, ತಿರುವಿನಲ್ಲಿ ಜಾಸ್ತಿಯೋ? ಎ.ಸಿ. ಹಾಕಿದಾಗ ಮಾತ್ರವೋ? ಎ.ಸಿ.ಯ ನೀರು ಹೊರಗೆ ತೊಟ್ಟಿಕ್ಕುವ ಕೊಳವೆ ಧೂಳು ತುಂಬಿ ಕಟ್ಟಿದರೆ ಆ ನೀರು ಒಳಗೆ, ಕಾಲಡಿಯ ಕಾರ್ಪೆಟ್ಟಿಗೆ ಬೀಳುತ್ತದೆ. ಬೇವಿನ ನೆರಳಲ್ಲಿ ನಿಲ್ಲುವ ಕಾರಿನ ಬಾನೆಟ್ ಎತ್ತಿ ಗಾಜಿನ ಬುಡ ನೋಡು, ಎಲೆ ಕೊಳೆತು ನೀರು ಹೋಗುವ ತೂತು ಮುಚ್ಚಿರುತ್ತದೆ. ಬಾಗಿಲ ಕೆಳಂಚಿನಲ್ಲೂ ಸಣ್ಣ ತೂತುಗಳಿವೆ, ಛಾವಣಿಯಲ್ಲಿ ಕಿಟಕಿ ತೆರೆಯುವ ಕಾರುಗಳಲ್ಲಿ ಮೂಲೆಮೂಲೆಗೂ ಕೊಳವೆಗಳಿವೆ. ಕಾರು ಕಟ್ಟಿದವರು ನೀರು ಒಳಗೆ ಬಂದೇ ಬರುತ್ತದೆಂದು ತಿಳಿದೇ ಹೊರದಾರಿ ಇಟ್ಟಿದ್ದಾರೆ. ಅದು ಮುಚ್ಚಿದಾಗ ನೀರು ತನ್ನದೇ ದಾರಿ ಮಾಡಿಕೊಳ್ಳುತ್ತದೆ.

ಸೋರುವ ಜಾಗ ಹುಡುಕಲು ಇಬ್ಬರು ಬೇಕು. ಒಳಗೆ ಒಬ್ಬ ಟಾರ್ಚ್ ಹಿಡಿದು ಕೂರಲಿ, ಹೊರಗೆ ನೀನು ಪೈಪು ಹಿಡಿ, ಜೋರಾಗಿ ಬಿಡಬೇಡ. ಕೆಳಗಿನಿಂದ ಶುರುಮಾಡಿ ಸಾವಕಾಶ ಮೇಲಕ್ಕೆ ಹೋಗು. ಮೇಲಿನಿಂದ ಸುರಿದರೆ ಎಲ್ಲ ಕಡೆಯೂ ಒದ್ದೆಯಾಗಿ ಯಾವ ತೂತೆಂದು ತಿಳಿಯುವುದಿಲ್ಲ. ಒಣಗಿದ ತಗಡಿನ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸಿದರೆ ಹರಿದ ಹನಿ ಗೆರೆ ಎಳೆದು ತೋರಿಸುತ್ತದೆ. ತೂತು ಮುಚ್ಚುವಾಗ ವಿನೆಗರಿನಂತೆ ಹುಳಿ ವಾಸನೆ ಬರುವ ಸಿಲಿಕೋನನ್ನು ವೈರು, ಕಪ್ಲರುಗಳ ಹತ್ತಿರ ತರಬೇಡ. ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ.

ಇನ್ನು ವೈರಿನ ಕಡೆಗೆ ಬಾ. ಬರೀ ನೀರಿಗಿಂತ ನೀರೂ ಕರೆಂಟೂ ಸೇರಿದಾಗ ಅನಾಹುತ ಹೆಚ್ಚು. ಸದಾ 12 ವೋಲ್ಟ್ ಇರುವ ಪ್ಲಸ್ ವೈರಿನ ತಾಮ್ರ ಒದ್ದೆ ಕಪ್ಲರಿನಲ್ಲಿ ಕರಗಿ ಕರಗಿ ಸವೆಯುತ್ತದೆ. ಒಂದು ಪಿನ್ನು ಪೂರಾ ಮಾಯವಾಗಿದ್ದರೆ ಅದು ಬಹುತೇಕ ಸದಾ ಜೀವವಿರುವ ಪಿನ್ನೇ. ಅದಕ್ಕೇ ಒದ್ದೆ ಗಾಡಿ ಬಂದರೆ ಮೊದಲ ಕೆಲಸ ಬ್ಯಾಟರಿಯ ಮೈನಸ್ ಬಿಚ್ಚುವುದು.

ಅರ್ಥ್ ಸರಿಯಿದೆಯೋ ಎಂದು ಕಣ್ಣಿನಿಂದ ಹೇಳಬೇಡ, ಮೀಟರಿನಿಂದ ಹೇಳು. ಬ್ಯಾಟರಿ ಜೋಡಿಸಿ ದೀಪ ಉರಿಸು. ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ದೀಪದ ಅರ್ಥ್ ಕಡೆಗೆ ಹಿಡಿ. 0.1, ಹೆಚ್ಚೆಂದರೆ 0.2 ವೋಲ್ಟ್ ಬರಬೇಕು. ಅರ್ಧ, ಒಂದು ವೋಲ್ಟ್ ತೋರಿಸಿದರೆ ದಾರಿಯಲ್ಲಿ ಎಲ್ಲೋ ಕಿಲುಬು ಕೂತಿದೆ. ರಾತ್ರಿ ಬೆಳಗಾಗುವುದರೊಳಗೆ ಬ್ಯಾಟರಿ ಇಳಿಯುತ್ತಿದ್ದರೆ ಗಾಡಿ ಬಂದ್ ಮಾಡಿ, ಬೀಗ ಹಾಕಿ, ಅದರೊಳಗಿನ ಕಂಪ್ಯೂಟರುಗಳು ಮಲಗಲು ಅರ್ಧ ತಾಸು ಬಿಟ್ಟು, ಆಮೇಲೆ ಎಷ್ಟು ಎಳೆಯುತ್ತಿದೆ ಅಳೆ. ಸುಮಾರು 50 ಮಿಲಿ ಆಂಪಿಯರಿಗಿಂತ ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ತೆಗೆದು ಯಾವುದಕ್ಕೆ ಇಳಿಯುತ್ತದೆ ನೋಡು. ಹೊಸ ಗಾಡಿಯ ಕಂಪ್ಯೂಟರ್ ವೈರುಗಳಿಗೆ ಹಳೆಯ ಟೆಸ್ಟ್ ಲ್ಯಾಂಪ್ ಚುಚ್ಚಬೇಡ. ಹಳದಿ ಕವಚದ ವೈರು ಏರ್‌ಬ್ಯಾಗಿನದು. ಕಿತ್ತಳೆ ಬಣ್ಣದ್ದು ಬ್ಯಾಟರಿ ಕಾರಿನ ಹೈ ವೋಲ್ಟೇಜ್, ಕಲಿಯದವನು ಅದಕ್ಕೆ ಕೈ ಹಾಕಿದರೆ ಜೀವ ಹೋಗಬಹುದು. ಈ ಎರಡಕ್ಕೂ ಕೈ ಹಾಕದಿರುವುದು ನಾಚಿಕೆಯ ವಿಷಯವಲ್ಲ, ಬಲ್ಲವರ ಹತ್ತಿರ ಕಳಿಸು.

ಒಣಗಿಸುವುದರಲ್ಲಿ ನಿಮ್ಮ ವಯಸ್ಸಿನವರಿಗೆ ತಾಳ್ಮೆ ಕಡಿಮೆ. ಶಿವಯೋಗ ಮಂದಿರದಲ್ಲಿ ವಿಭೂತಿ ಮಾಡುವುದನ್ನು ಒಂದು ಸಲ ಹೋಗಿ ನೋಡು. ಸಗಣಿ ಸುಟ್ಟ ಬೂದಿಯನ್ನು ಗಟ್ಟಿ ಮಾಡಿದ ಮೇಲೆ ಅದು ಒಳಗಿನ ತನಕ ಒಣಗಲಿ ಎಂದು ಕಾಯುತ್ತಾರೆ. ಮೇಲೆ ಬೆಳ್ಳಗೆ ಕಂಡಿತೆಂದು ಯಾರೂ ಎತ್ತಿಕೊಳ್ಳುವುದಿಲ್ಲ. ಕಾರಿನ ಕಾರ್ಪೆಟ್ಟೂ ಹಾಗೆಯೇ. ಮೇಲೆ ಕೈಯಾಡಿಸಿದರೆ ಒಣಗಿದಂತಿರುತ್ತದೆ, ಕೆಳಗಿನ ಫೋಮು ವಾರಗಟ್ಟಲೆ ನೀರು ಹಿಡಿದಿರುತ್ತದೆ. ಸೀಟು ಬಿಚ್ಚು, ಕಾರ್ಪೆಟ್ಟು ಹೊರಗೆಳೆ, ನಮ್ಮ ಬಿಸಿಲಿಗೆ ಹಾಕು. ಕಪ್ಲರನ್ನು ತೊಳೆಯಲು ಪೆಟ್ರೋಲು, ಸೀಮೆಎಣ್ಣೆ ಬೇಡ, ಒಳಗಿನ ರಬ್ಬರ್ ಸೀಲು ಉಬ್ಬಿ ಹಾಳಾಗುತ್ತದೆ. ಅದಕ್ಕೆಂದೇ ಇರುವ ಕ್ಲೀನರ್ ಸ್ಪ್ರೇ ತಾ. ಒದ್ದೆ ಜೋಡಣೆಗೆ ಟೇಪು ಸುತ್ತುವುದಂತೂ ನೀರನ್ನು ಒಳಗೆ ಕೂಡಿಹಾಕಿದ ಹಾಗೆ. ವೈರು ಕಪ್ಪಾಗಿದ್ದರೆ ತಾಮ್ರ ಹೊಳೆಯುವ ಜಾಗದವರೆಗೂ ಕತ್ತರಿಸಿ ಹೊಸ ತುಂಡು ಬೆಸೆ. ಕಪ್ಲರಿಗೆ ಹೋಗುವ ಮುನ್ನ ವೈರನ್ನು ಸ್ವಲ್ಪ ಕೆಳಗೆ ಜೋಲುಬಿಡು, ಇಳಿದು ಬಂದ ಹನಿ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಈ ಚಿಕ್ಕ ಜೋಲಿಯನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಕಾರ್ಖಾನೆಯವರು ಹಾಗೆ ಬಿಟ್ಟದ್ದನ್ನು ನಾನೇ ಎಷ್ಟೋ ವರ್ಷ ಚಂದ ಕಾಣಲೆಂದು ಎಳೆದು ಬಿಗಿದು ಕಟ್ಟಿದ್ದೇನೆ.

ನಾಳೆ ಆ ಟಂಟಂ ಬಂದಾಗ ಅದರ ಗಾಜಿನ ಕೆಳಗಿನ ರಬ್ಬರನ್ನು ಮೊದಲು ಎತ್ತಿ ನೋಡು. ಫ್ಯೂಸ್ ಪೆಟ್ಟಿಗೆ ಅದರ ನೇರ ಕೆಳಗಿದೆ. ಸೋರಿಕೆ ಸಿಗದೆ ಒಂದೂ ಹೊಸ ಸಾಮಾನು ತರಿಸಬೇಡ.

ಮತ್ತೊಂದು ಮಾತು. ಮುಂದೆ ಎಂದಾದರೂ ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಬಂದರೆ ಹೊಳೆದಂಡೆಯ ನಮ್ಮ ಗಿರಾಕಿಗಳಿಗೆಲ್ಲ ನೀನೇ ಫೋನ್ ಮಾಡು, ಗಾಡಿ ಎತ್ತರಕ್ಕೆ ಒಯ್ಯಿರಿ ಎನ್ನು. ಮುಳುಗಿದ್ದರೆ ಸೆಲ್ಫ್ ಹೊಡೆದು ನೋಡುವ ಆಸೆ ಎಲ್ಲರಿಗೂ ಬರುತ್ತದೆ. ಎಂಜಿನ್ನಿನೊಳಗೆ ನೀರಿದ್ದರೆ ಆ ಒಂದು ಸೆಲ್ಫಿಗೆ ಕನೆಕ್ಟಿಂಗ್ ರಾಡ್ ಬಾಗಬಹುದು, ಹಾಗೆ ಕೆಟ್ಟ ಎಂಜಿನ್ನಿಗೆ ಸಾಮಾನ್ಯ ವಿಮೆಯಲ್ಲಿ ಹಣ ಸಿಗುವುದೂ ಕಷ್ಟ. ಗಾಬರಿಯಲ್ಲಿರುವವರಿಗೆ ಉದ್ದ ಮಾತು ತಲೆಗೆ ಹೋಗುವುದಿಲ್ಲ, ಇಷ್ಟೇ ಹೇಳು: ಚಾವಿ ಹಾಕಬೇಡಿ, ಫೋಟೊ ತೆಗೆದಿಡಿ, ನೀರು ಇಳಿದ ಮೇಲೆ 10 ನಂಬರ್ ಪಾನಾದಲ್ಲಿ ಬ್ಯಾಟರಿಯ ಮೈನಸ್ ಬಿಚ್ಚಿ, ನಾನು ಬರುತ್ತೇನೆ. ಹೇಳಿದ ಮೇಲೆ ಹೋಗು.