ಹ್ಯಾಲೋವೀನ್ ರಾತ್ರಿಯ ಊಟಕ್ಕೆ ಕಾಲ್‌ಕ್ಯಾನನ್

ಐರಿಷ್ ಹಬ್ಬದೂಟ ಎಂದೊಡನೆ ಹೊರಗಿನವರ ಬಾಯಿಗೆ ಮೊದಲು ಬರುವ ಹೆಸರು ಕಾರ್ನ್ಡ್ ಬೀಫ್ ಮತ್ತು ಎಲೆಕೋಸು. ಕಾರ್ಕ್ ನಗರಕ್ಕೆ ಬಂದು ನೆಲೆಸಿದ ಮೇಲೆ ನೋಡುತ್ತೇನೆ, ಇಲ್ಲಿನವರ ಹಬ್ಬದಲ್ಲಿ ಅದಕ್ಕೆ ಅಂಥ ಜಾಗವೇ ಇಲ್ಲ. ಇದೇ ಕಾರ್ಕ್ ಬಂದರಿನಿಂದ ಒಂದು ಕಾಲದಲ್ಲಿ ಉಪ್ಪು ಹಾಕಿದ ದನದ ಮಾಂಸ ಪೀಪಾಯಿಗಟ್ಟಲೆ ಹಡಗೇರುತ್ತಿತ್ತು, ಬ್ರಿಟಿಷ್ ನೌಕಾಪಡೆಗೆ, ವೆಸ್ಟ್ ಇಂಡೀಸಿನ ತೋಟಗಳಿಗೆ. ಈ ನಾಡಿನ ಬಡವರಿಗೆ ಅದನ್ನು ಕೊಂಡು ತಿನ್ನುವ ಶಕ್ತಿ ಇರಲಿಲ್ಲ. ಮುಂದೆ ಅವರು ಅಮೆರಿಕಕ್ಕೆ ವಲಸೆ ಹೋದಾಗ ನ್ಯೂಯಾರ್ಕಿನಲ್ಲಿ ಆ ಮಾಂಸ ಅಗ್ಗವಾಗಿ ಸಿಕ್ಕಿ, ಅಲ್ಲಿನ ಸೇಂಟ್ ಪ್ಯಾಟ್ರಿಕ್ ಹಬ್ಬದ ಅಡುಗೆಯಾಯಿತು. ಇಲ್ಲೇ ಉಳಿದವರು ಎಲೆಕೋಸಿನ ಜೊತೆ ಬೇಯಿಸಿದ್ದು ಬೇಕನ್.

ನಮ್ಮ ಬೀದಿಯ ನಾಲ್ಕಾರು ಮನೆಯವರು ಅಕ್ಟೋಬರ್ 31ರ ರಾತ್ರಿ ಒಟ್ಟಿಗೆ ಊಟ ಮಾಡುವ ಪದ್ಧತಿ ಇಟ್ಟುಕೊಂಡಿದ್ದೇವೆ. ಮಕ್ಕಳು ವೇಷ ಹಾಕಿ ಮನೆಮನೆ ಸುತ್ತಿ ಬಂದ ಮೇಲೆ ದೊಡ್ಡವರ ಪಂಕ್ತಿ. 2024ರಲ್ಲಿ ಸರದಿ ನಮ್ಮ ಮನೆಯದು. ನಮ್ಮ ಅಡುಗೆಮನೆಗೆ ಮಾಂಸ ಬರುವುದಿಲ್ಲ. ಆದರೂ ಅಂದು ಐರಿಷ್ ಅಡುಗೆಯನ್ನೇ ಬಡಿಸಬೇಕೆಂಬುದು ನನ್ನ ಆಸೆ. ಆ ವರ್ಷ ನರಕ ಚತುರ್ದಶಿಯೂ 31ರಂದೇ ಬಂದಿತ್ತು. ಬೆಳಿಗ್ಗೆ ಎಣ್ಣೆನೀರು, ಹೋಳಿಗೆ ಎಲ್ಲ ನಮ್ಮ ಪಾಲಿಗೆ ಮುಗಿಯಲಿ, ರಾತ್ರಿಯ ಮೇಜು ಪೂರ್ತಿ ಈ ಊರಿನದೇ ಆಗಿರಲಿ ಎಂದುಕೊಂಡೆ.

ಸ್ಟೂ ಎಂದರೆ ಕುರಿಮಾಂಸ. ಡಬ್ಲಿನ್‌ನವರ ಕಾಡಲ್ ಎಂದರೆ ಸಾಸೇಜು, ಬೇಕನ್ನು. ನಮ್ಮ ಕಾರ್ಕಿನ ಹೆಮ್ಮೆಯಾದ ಸ್ಪೈಸ್ಡ್ ಬೀಫ್ ಕ್ರಿಸ್‌ಮಸ್ಸಿಗೆ ಸೇರಿದ್ದು. ಲೀಟ್ರಿಮ್, ಕ್ಯಾವನ್ ಕಡೆಯ ಬಾಕ್ಸ್ಟಿ, ಅಂದರೆ ತುರಿದ ಹಸಿ ಆಲೂಗಡ್ಡೆಗೆ ಬೇಯಿಸಿ ಹಿಸುಕಿದ್ದನ್ನೂ ಹಿಟ್ಟನ್ನೂ ಮಜ್ಜಿಗೆಯನ್ನೂ ಬೆರೆಸಿ ಕಾವಲಿಯ ಮೇಲೆ ಸುಡುವ ತಿಂಡಿ, ನನಗೆ ಬಹಳ ಇಷ್ಟ. ಆದರೆ ಒಂದೊಂದಾಗಿ ಬಿಸಿಬಿಸಿ ಇಳಿಸಬೇಕು; ಹನ್ನೆರಡು ಜನರ ಊಟ ಮುಗಿಯುವವರೆಗೂ ಮನೆಯೊಡತಿ ಒಲೆ ಬಿಟ್ಟು ಕದಲುವಂತಿಲ್ಲ. ಕರೆದವರ ಜೊತೆ ಕೂತು ಉಣ್ಣಲಾಗದ ಅಡುಗೆಯನ್ನು ನಾನು ಹಬ್ಬಕ್ಕೆ ಒಪ್ಪುವುದಿಲ್ಲ.

ದಾರಿ ತೋರಿಸಿದವರು ಪಕ್ಕದ ಮನೆಯ ಅಜ್ಜಿ. ಎಂಬತ್ತು ದಾಟಿದವರು. ಮಾಂಸವಿಲ್ಲದ ಹಬ್ಬದೂಟಕ್ಕೆ ಏನು ಮಾಡಲಿ ಎಂದು ಕೇಳಿದ್ದಕ್ಕೆ, “ಅವತ್ತು ನಮ್ಮಮ್ಮನ ಮನೆಯಲ್ಲಿ ಮಾಂಸ ಇರುತ್ತಲೇ ಇರಲಿಲ್ಲ, ಕಾಲ್‌ಕ್ಯಾನನ್ ಇರುತ್ತಿತ್ತು” ಎಂದರು. ಹಿಸುಕಿದ ಆಲೂಗಡ್ಡೆಗೆ ಸೊಪ್ಪು ಬೆರೆಸಿ ಮಾಡುವ ಅಡುಗೆ ಅದು. ನವೆಂಬರ್ 1 ಸಕಲ ಸಂತರ ಹಬ್ಬ. ಅದರ ಹಿಂದಿನ ದಿನ ಕ್ಯಾಥೊಲಿಕ್ ಮನೆಗಳಲ್ಲಿ ಮಾಂಸ ಬಿಡುತ್ತಿದ್ದರು. ಅದಕ್ಕೇ ಆ ರಾತ್ರಿಯ ತಿನಿಸುಗಳೆಲ್ಲ ಆಲೂಗಡ್ಡೆ, ಸೊಪ್ಪು, ಸೇಬು, ಬೆಣ್ಣೆಯವು. ನಾನು ನನ್ನ ಅನುಕೂಲಕ್ಕೆ ಹುಡುಕುತ್ತಿದ್ದದ್ದು ಆ ದಿನದ ಕಟ್ಟಳೆಯೇ ಆಗಿತ್ತು. ಅಂದಿನಿಂದ ಈ ದೇಶದವರು ಏನು ತಿನ್ನುತ್ತಾರೆ ಎಂದು ನಾನು ಕೇಳುವುದಿಲ್ಲ, ಈ ದಿನ ಏನು ತಿನ್ನುತ್ತಿದ್ದಿರಿ ಎಂದು ಕೇಳುತ್ತೇನೆ.

ಅಜ್ಜಿಯ ಮಾತಿನ ಬೆನ್ನು ಹತ್ತಿ ಶಾಲಾಮಕ್ಕಳ ಜಾನಪದ ಸಂಗ್ರಹವನ್ನು ಓದಿದೆ. 1937ರಿಂದ 1939ರವರೆಗೆ ಐರಿಷ್ ಜಾನಪದ ಆಯೋಗ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳ ಕೈಯಿಂದ ಊರಿನ ಹಿರಿಯರ ನೆನಪುಗಳನ್ನು ಬರೆಸಿತ್ತು. ಅವೆಲ್ಲ ಈಗ ಅಂತರಜಾಲದಲ್ಲಿವೆ. ಮಕ್ಕಳ ದುಂಡು ಕೈಬರಹದಲ್ಲಿ ಹ್ಯಾಲೋವೀನ್ ಊಟ ಮತ್ತೆ ಮತ್ತೆ ಬರುತ್ತದೆ. ಕಾಲ್‌ಕ್ಯಾನನ್‌ನೊಳಗೆ ಉಂಗುರ, ನಾಣ್ಯ ಹುದುಗಿಸುತ್ತಿದ್ದರು. ಉಂಗುರ ಸಿಕ್ಕವರಿಗೆ ವರ್ಷದೊಳಗೆ ಮದುವೆ. ಒಣದ್ರಾಕ್ಷಿ ಹಾಕಿದ ಬಾರ್ಮ್‌ಬ್ರ್ಯಾಕ್ ಬ್ರೆಡ್ಡಿನಲ್ಲಿ ಇಂದಿಗೂ ಅಂಗಡಿಯವರು ಉಂಗುರ ಇಟ್ಟೇ ಮಾರುತ್ತಾರೆ. ಕೆಲವು ಕಡೆ ಮನೆಯಿಂದ ಅಗಲಿದವರಿಗೆಂದು ಒಂದು ಪಾಲು ತೆಗೆದಿಡುತ್ತಿದ್ದರಂತೆ. ಹಿರಿಯರಿಗೆ ಎಡೆ ಇಡುವ ಮನೆಯಲ್ಲಿ ಬೆಳೆದ ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇನ್ನು ಮಾಡುವ ಬಗೆ. ಇಲ್ಲಿ ಎಲ್ಲವೂ ಆಲೂಗಡ್ಡೆಯ ಆಯ್ಕೆಯ ಮೇಲೆ ನಿಂತಿದೆ. ಬೆಂದಾಗ ಸಿಪ್ಪೆ ಬಿರಿದು ಹಿಟ್ಟಾಗುವ ಜಾತಿ ಬೇಕು. ಇಲ್ಲಿನವರು ಒಳ್ಳೆಯ ಗಡ್ಡೆಯನ್ನು ಹಿಟ್ಟಿನ ಉಂಡೆ ಎಂದೇ ಹೊಗಳುತ್ತಾರೆ. 1788ರಿಂದ ನಡೆಯುತ್ತಿರುವ ನಮ್ಮೂರ ಇಂಗ್ಲಿಷ್ ಮಾರ್ಕೆಟ್ಟಿಗೆ ಹೋಗಿ ಕೆರ್ಸ್ ಪಿಂಕ್ ತಂದೆ. ಅದು ಸಿಗದಿದ್ದರೆ ಕೆಂಪು ಸಿಪ್ಪೆಯ ರೂಸ್ಟರ್ ಆದೀತು. ಆರು ಜನಕ್ಕೆ ಒಂದೂವರೆ ಕಿಲೋ. ಸಿಪ್ಪೆ ಸಮೇತ ಬೇಯಿಸಬೇಕು, ಇಲ್ಲವಾದರೆ ನೀರು ಕುಡಿಯುತ್ತದೆ. ಬಸಿದ ಮೇಲೆ ಅದೇ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲಿಟ್ಟು, ಬಟ್ಟೆ ಮುಚ್ಚಿ, ಹಬೆಯೆಲ್ಲ ಬಟ್ಟೆಗೆ ಹೀರಿಕೊಳ್ಳಲು ಬಿಡಬೇಕು. ಬಿಸಿ ಇರುವಾಗಲೇ ಸಿಪ್ಪೆ ಸುಲಿಯುವುದು ಬೆರಳಿಗೆ ಕಷ್ಟ, ಆದರೆ ಆರಿದರೆ ಕೆಟ್ಟಿತು. ಇತ್ತ ಸುರುಳಿ ಎಲೆಯ ಕೇಲ್ ಸೊಪ್ಪಿನ ದಂಟು ತೆಗೆದು, ಬೇಯಿಸಿ, ಹಿಂಡಿ, ಸಣ್ಣಗೆ ಹೆಚ್ಚಿಡಬೇಕು. ಈರುಳ್ಳಿ ಸೊಪ್ಪನ್ನು ಬಿಳಿ ಭಾಗದ ಸಮೇತ ಹಾಲಿನಲ್ಲಿ ಕುದಿಸಿ, ಆ ಸುಡುವ ಹಾಲನ್ನೇ ಆಲೂಗಡ್ಡೆಗೆ ಹುಯ್ದು ಕೈಯಲ್ಲಿ ಹಿಸುಕಬೇಕು. ಮಿಕ್ಸಿಗೆ ಹಾಕಿದಿರೋ, ಗೋಂದು. ಕೊನೆಗೆ ಸೊಪ್ಪು, ಉಪ್ಪು, ಕರಿಮೆಣಸಿನ ಪುಡಿ.

ಒಗ್ಗರಣೆ ಹಾಕಬೇಕೆಂಬ ಆಸೆ ನಮ್ಮವರಿಗೆ ಬಂದೇ ಬರುತ್ತದೆ. ಹಾಕಬೇಡಿ ಎಂದೇ ನನ್ನ ಮಾತು. ಸಾಸಿವೆ ಬಿದ್ದರೆ ಅದು ನಮ್ಮ ಪಲ್ಯವಾದೀತು. ಬೆಣ್ಣೆ ಮತ್ತು ಸೊಪ್ಪಿನ ಆ ಮೃದುವಾದ ಕಹಿ ಮರೆಯಾಗಿಬಿಡುತ್ತದೆ.

ಬಡಿಸುವ ಕ್ರಮವೂ ಗೊತ್ತಿರಬೇಕು. ತಟ್ಟೆಯಲ್ಲಿ ಗುಡ್ಡೆ ಮಾಡಿ, ನಡುವೆ ಗುಂಡಿ ತೋಡಿ ಬೆಣ್ಣೆಯ ದೊಡ್ಡ ತುಂಡು ಇಡುತ್ತಾರೆ. ಅದು ಕರಗಿ ಕೊಳವಾಗುತ್ತದೆ. ಅನ್ನದ ಗುಂಡಿಗೆ ಸಾರು ಹುಯ್ದುಕೊಂಡು ಉಣ್ಣುವ ಹಾಗೆ, ಅಂಚಿನಿಂದ ಒಂದೊಂದು ಚಮಚ ತೆಗೆದು ಬೆಣ್ಣೆಯಲ್ಲಿ ಅದ್ದುತ್ತ ಒಳಗೆ ಸಾಗಬೇಕು. ಅಜ್ಜಿ ನನ್ನ ಗುಂಡಿ ನೋಡಿ, ಸಾಲದು ಎಂದು ಇನ್ನೊಂದು ತುಂಡು ಬೆಣ್ಣೆ ಹಾಕಿಸಿದರು.

ಊಟದ ನಡುವೆ ಮಾತು ಬರಗಾಲದ ಕಡೆ ತಿರುಗಿತು. ಇಲ್ಲಿ ಆಲೂಗಡ್ಡೆಯ ಮಾತು ಅಲ್ಲಿಗೆ ಹೋಗಿಯೇ ಹೋಗುತ್ತದೆ. 1845ರಲ್ಲಿ ಅಂಗಮಾರಿ ರೋಗ ತಗುಲಿ ಬೆಳೆ ನೆಲದಲ್ಲೇ ಕೊಳೆಯಿತು. ಮುಂದಿನ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಹತ್ತು ಲಕ್ಷ ಜನ ದೇಶ ಬಿಟ್ಟರು. ಆಗಲೂ ಇಲ್ಲಿನ ಬಂದರುಗಳಿಂದ ಧಾನ್ಯವೂ ಬೆಣ್ಣೆಯೂ ಹೊರಗೆ ಹೋಗುತ್ತಲೇ ಇದ್ದವು. ಅಂಥ ಗಡ್ಡೆಯನ್ನು ಈ ಜನ ದೂರ ಮಾಡಲಿಲ್ಲ, ಹಬ್ಬಕ್ಕೆ ಉಳಿಸಿಕೊಂಡರು. ಆ ಊಟವನ್ನು ಬಡಿಸುವ ಸರದಿ ನನ್ನದಾದದ್ದಕ್ಕೆ ನನಗೆ ನಿಜವಾಗಿ ಹೆಮ್ಮೆ ಎನಿಸಿತು.

ಉಳಿದದ್ದನ್ನು ಮರುದಿನ ಬೆಳಿಗ್ಗೆ ಬಿಲ್ಲೆ ತಟ್ಟಿ ಬೆಣ್ಣೆಯಲ್ಲಿ ಕೆಂಪಗೆ ಬೇಯಿಸಿದರೆ ಒಳ್ಳೆಯ ತಿಂಡಿ. ಅದಕ್ಕಾಗಿ ಅರ್ಧ ಕಿಲೋ ಹೆಚ್ಚಿಗೇ ಬೇಯಿಸಿರಿ. ಫೆಬ್ರವರಿ 1 ಸಂತ ಬ್ರಿಜಿಡ್‌ಳ ಹಬ್ಬ. 2023ರಿಂದ ಅದಕ್ಕೆ ಸರ್ಕಾರಿ ರಜೆಯೂ ಸಿಕ್ಕಿದೆ. ಆಕೆ ಹಾಲು ಬೆಣ್ಣೆಗಳನ್ನು ಕಾಯುವ ಸಂತಳು, ಹಾಗಾಗಿ ಆ ಹಬ್ಬದ ಹಿಂದಿನ ರಾತ್ರಿಗೂ ಹಿಸುಕಿದ ಆಲೂಗಡ್ಡೆಯೇ, ಬೆಣ್ಣೆಯೇ. ಅದನ್ನು ಅವರಮ್ಮ ಹೇಗೆ ಮಾಡುತ್ತಿದ್ದರೆಂದು ಅಜ್ಜಿಯನ್ನು ಕೇಳಿ ಬರೆದಿಟ್ಟುಕೊಂಡಿದ್ದೇನೆ.