ಸಾಕಿದ ಹೋರಿಯೆಂದು ಮೈಮರೆಯದಿರಿ

ಪೂರ್ಣವಾಗಿ ಬೆಳೆದ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ತೂಕ 900 ಕಿಲೋಗ್ರಾಂ ಮೀರಬಲ್ಲುದು. ಕೈತುತ್ತು ತಿಂದು ಬೆಳೆದ ಹೋರಿ ಹಾಯದೆಂಬ ನಂಬಿಕೆ ಸರಿಯಲ್ಲ. ಇತರ ದನಗಳಿಂದ ದೂರವಾಗಿ ಒಂಟಿಯಾಗಿ ಬೆಳೆದ ಹೋರಿಯು ಪ್ರಾಯಕ್ಕೆ ಬಂದಾಗ, ಸಾಕಿದವನನ್ನೇ ಎದುರಾಳಿಯೆಂದು ಬಗೆಯುವ ಸಂಭವ ಹೆಚ್ಚು.

ಮೈಯ ಪಕ್ಕವನ್ನು ತೋರಿಸುತ್ತ ಬೆನ್ನುಬ್ಬಿಸಿ ನಿಲ್ಲುವುದು, ತಲೆ ತಗ್ಗಿಸುವುದು, ಗೊರಸಿನಿಂದ ನೆಲ ಕೆರೆಯುವುದು, ಗುಟುರು ಹಾಕುವುದು ಇವೆಲ್ಲ ಆಕ್ರಮಣದ ಮುನ್ಸೂಚನೆಗಳು. ಇವು ಕಂಡೊಡನೆ ಬೆನ್ನು ತೋರಿಸದೆ, ಮೆಲ್ಲನೆ ಹಿಂದೆ ಸರಿದು ಬೇಲಿಯ ಆಚೆಗೆ ಹೋಗಬೇಕು.

ನೇರ ಹಿಂಬದಿಯಲ್ಲಿರುವುದು ದನಗಳಿಗೆ ಕಾಣದು. ಸದ್ದಿಲ್ಲದೆ ಹಿಂದಿನಿಂದ ಹೋದರೆ ಬೆದರಿ ಒದೆಯುತ್ತವೆ. ಆದುದರಿಂದ ಮಾತನಾಡಿಸುತ್ತ ಭುಜದ ಬದಿಯಿಂದ ಸಮೀಪಿಸಿರಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳದಿರಿ. ಹೋರಿಯ ಕೊಟ್ಟಿಗೆಗೆ ಒಬ್ಬರೇ ಹೋಗದಿರಿ; ಹೊರಬರುವ ದಾರಿ ಸದಾ ತೆರವಾಗಿರಲಿ. ಈಗತಾನೆ ಕರು ಹಾಕಿದ ಹಸುವಿನ ಬಳಿಯೂ ಇಷ್ಟೇ ಎಚ್ಚರ ಅಗತ್ಯ.